ಹಾರ್ಡ್ ಡಿಸ್ಕ್ ಇಲ್ಲದ ಕಂಪ್ಯೂಟರ್ ಎದ್ದ ಚರಿತ್ರೆ

ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಸುವರ್ಣ ಮಹೋತ್ಸವ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ಏನು ಬರೆಯಲೆಂದು ಬಹಳ ದಿನ ತೋಚಲಿಲ್ಲ. ಗುರುಗಳ ಬಗ್ಗೆ, ಖೋಖೋ ತಂಡದ ಬಗ್ಗೆ, ಮೈದಾನದ ಬೇವಿನ ಮರದ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ಇದ್ದಾರೆ. ನಾನು ಒಂದೇ ಒಂದು ಸಾಲಿನ ಬಗ್ಗೆ ಬರೆಯುತ್ತೇನೆ. ಆ ಸಾಲನ್ನು ನಾನು ಮೊದಲು ನೋಡಿದ್ದು ಇದೇ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ, ಒಂಬತ್ತನೇ ತರಗತಿಯಲ್ಲಿದ್ದಾಗ.

ಆ ಕೊಠಡಿಗೆ ನಾವು ಚಪ್ಪಲಿ ಬಿಟ್ಟು, ಕಾಲು ಒರೆಸಿಕೊಂಡು ಹೋಗುತ್ತಿದ್ದದ್ದು ನನ್ನ ಓರಗೆಯವರಿಗೆಲ್ಲ ನೆನಪಿರಬೇಕು. ಒಂದು ಕಂಪ್ಯೂಟರಿಗೆ ಐದಾರು ಮಂದಿ. ಒಂದು ದಿನ ನಮ್ಮ ಗುಂಪಿನ ಪಾಲಿಗೆ ಬಂದ ಯಂತ್ರ ಆನ್ ಆಯಿತು, ಆದರೆ ಚಿತ್ರ ಬರಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದು ಸಾಲು ನಿಂತಿತ್ತು: ‘ಪಿಎಕ್ಸ್‌ಇ-ಇ61: ಮೀಡಿಯಾ ಟೆಸ್ಟ್ ಫೇಲ್ಯೂರ್, ಚೆಕ್ ಕೇಬಲ್’. ಕಂಪ್ಯೂಟರ್ ಪಾಠವನ್ನೂ ನೋಡಿಕೊಳ್ಳುತ್ತಿದ್ದ ಗಣಿತದ ಮೇಷ್ಟ್ರು ಹಿಂದೆ ಬಗ್ಗಿ ಕರೆಂಟಿನ ಕೇಬಲ್ಲು, ಮಾನಿಟರಿನ ಕೇಬಲ್ಲು ಎಲ್ಲವನ್ನೂ ಅಲುಗಾಡಿಸಿ ನೋಡಿದರು. ಎಲ್ಲ ಸರಿಯಾಗಿಯೇ ಇತ್ತು. ‘ಇಂಗ್ಲಿಷ್ ಅರ್ಥ ಆಗ್ತದಪ್ಪಾ, ಅದು ಏನು ಹೇಳ್ತಿದೆ ಅನ್ನೋದು ಅರ್ಥ ಆಗ್ತಿಲ್ಲ’ ಎಂದರು. ಯಂತ್ರಕ್ಕೆ ಹೊದಿಕೆ ಹಾಕಿದರು. ಅದು ಮತ್ತೆ ತೆಗೆಯಲಿಲ್ಲ. ನಾನು ಆ ಸಾಲನ್ನು ವಿಜ್ಞಾನದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡೆ. ಅದರ ಅರ್ಥ ತಿಳಿಯಲು ಎಂಜಿನಿಯರಿಂಗ್ ಮುಗಿದು ಕೆಲಸಕ್ಕೆ ಸೇರಬೇಕಾಯಿತು. ಅದರ ಹಿಂದೆ ಒಂದು ಚರಿತ್ರೆಯೇ ಇದೆ.

ಕಂಪ್ಯೂಟರ್ ಆನ್ ಆದ ಕ್ಷಣದಲ್ಲಿ ಅದಕ್ಕೆ ಏನೂ ಗೊತ್ತಿರುವುದಿಲ್ಲ. ಕನ್ನಡ ಅಕ್ಷರ ತೋರಿಸುವುದು, ಮೌಸ್ ಓಡಿಸುವುದು, ಇವೆಲ್ಲ ಆಪರೇಟಿಂಗ್ ಸಿಸ್ಟಂ ಎಂಬ ದೊಡ್ಡ ತಂತ್ರಾಂಶದ ಕೆಲಸ. ಆ ತಂತ್ರಾಂಶವನ್ನು ಎಲ್ಲಿಂದಲಾದರೂ ಮೆಮೊರಿಗೆ ತಂದುಕೊಳ್ಳಬೇಕು. ತರಲು ಒಂದು ಸಣ್ಣ ಪ್ರೋಗ್ರಾಂ ಬೇಕು. ಆ ಸಣ್ಣ ಪ್ರೋಗ್ರಾಂ ಮೊದಲು ಎಲ್ಲಿಂದ ಬರಬೇಕು? ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನೇ ಮೇಲೆತ್ತಿಕೊಂಡಂತೆ ಇದು ಎಂದು ಇಂಗ್ಲಿಷಿನವರು ತಮಾಷೆ ಮಾಡಿ ‘ಬೂಟ್‌ಸ್ಟ್ರ್ಯಾಪ್’ ಎಂದರು. ಅದೇ ಸವೆದು ‘ಬೂಟ್’ ಆಯಿತು. ನಮ್ಮ ಶಾಲೆ ಶುರುವಾದ ಆಸುಪಾಸಿನಲ್ಲೇ, 1975ರಲ್ಲಿ, ಅಮೆರಿಕದಲ್ಲಿ ಆಲ್ಟೇರ್ 8800 ಎಂಬ ಯಂತ್ರ ಮಾರಾಟಕ್ಕೆ ಬಂತು. ಅದರ ಮುಖದ ಮೇಲೆ ಸಾಲಾಗಿ ಸ್ವಿಚ್ಚುಗಳಿದ್ದವು. ಆನ್ ಮಾಡಿದಾಗಲೆಲ್ಲ ಆ ಸ್ವಿಚ್ಚುಗಳನ್ನು ಒಂದೊಂದಾಗಿ ಮೇಲೆ ಕೆಳಗೆ ಮಾಡಿ ಮೊದಲ ಪ್ರೋಗ್ರಾಮನ್ನು ಕೈಯಾರೆ ತುಂಬಬೇಕಿತ್ತು. ಮುಂದೆ ಆ ಕೆಲಸವನ್ನು ರಾಂ ಅಲ್ಲದ, ಅಳಿಯದ ರೋಂ ಚಿಪ್ಪು ವಹಿಸಿಕೊಂಡಿತು. ಚಿಪ್ಪು ಹಾರ್ಡ್ ಡಿಸ್ಕನ್ನು ಓದುತ್ತದೆ, ಡಿಸ್ಕಿನಿಂದ ಉಳಿದದ್ದೆಲ್ಲ ಬರುತ್ತದೆ. ನಮ್ಮ ಮನೆಯ ಕಂಪ್ಯೂಟರುಗಳು ಏಳುವುದು ಹೀಗೆಯೇ.

ಆದರೆ ಆ ಕಾಲದಲ್ಲಿ ಡಿಸ್ಕ್ ಎಂದರೆ ಬಂಗಾರದ ಬೆಲೆ. ಹತ್ತು ಯಂತ್ರಗಳಿಗೆ ಹತ್ತು ಡಿಸ್ಕು ಯಾಕೆ, ಒಂದು ದೊಡ್ಡ ಯಂತ್ರಕ್ಕೆ ಡಿಸ್ಕು ಹಾಕಿ ಉಳಿದವು ತಂತಿಯ ಮೂಲಕ ಅದರಿಂದ ತಂದುಕೊಳ್ಳಬಾರದೇಕೆ ಎಂಬ ಯೋಚನೆ ಹುಟ್ಟಿತು. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ 1973ರಲ್ಲಿ ತಯಾರಾದ ಆಲ್ಟೊ ಯಂತ್ರವನ್ನು ಈಥರ್ನೆಟ್ ತಂತಿಯಿಂದಲೂ ಬೂಟ್ ಮಾಡಬಹುದಿತ್ತು. ಆಚೆ ಕರಾವಳಿಯ ಎಂಐಟಿಯಲ್ಲಿ ನೋಯಲ್ ಚಿಯಾಪ್ಪ ಎಂಬುವರು ಕಡತ ಸಾಗಿಸುವ ಒಂದು ಅತಿ ಸರಳ ವಿಧಾನವನ್ನು ರೂಪಿಸಿದರು. ಅದರ ಹೆಸರಲ್ಲೇ ‘ಟ್ರಿವಿಯಲ್’, ಅಂದರೆ ‘ಕ್ಷುಲ್ಲಕ’ ಎಂಬ ಮಾತಿದೆ: ಟ್ರಿವಿಯಲ್ ಫೈಲ್ ಟ್ರಾನ್ಸ್‌ಫರ್ ಪ್ರೋಟೋಕಾಲ್, ಚಿಕ್ಕದಾಗಿ ಟಿಎಫ್‌ಟಿಪಿ. ಎಂಐಟಿಯವರೇ ಆದ ಕ್ಯಾರೆನ್ ಸಾಲಿನ್ಸ್ 1981ರ ಜೂನ್‌ನಲ್ಲಿ ಅದನ್ನು ಆರ್‌ಎಫ್‌ಸಿ 783 ಎಂಬ ದಾಖಲೆಯಾಗಿ ಬರೆದಿಟ್ಟರು. ಇದರಲ್ಲಿ ಪಾಸ್‌ವರ್ಡ್ ಇಲ್ಲ, ಕಡತಗಳ ಪಟ್ಟಿ ಕೇಳುವ ಸೌಲಭ್ಯವಿಲ್ಲ. ಕಡತದ ಹೆಸರು ಹೇಳಿ ಕೇಳುವುದು, ಇದ್ದರೆ ಪಡೆಯುವುದು. ಇಷ್ಟು ಸರಳವಾಗಿದ್ದರಿಂದಲೇ ಅದನ್ನು ಪುಟ್ಟ ಚಿಪ್ಪಿನೊಳಗೆ ಕೂರಿಸಲು ಸಾಧ್ಯವಾಯಿತು.

ಅದು ಕೆಲಸ ಮಾಡುವ ರೀತಿಯನ್ನು ನಮ್ಮೂರಿನವರಿಗೆ ವಿವರಿಸುವುದು ಸುಲಭ. ಮನೆಗೆ ಹೆಂಚು ಹೊದಿಸುವಾಗ ಕೆಳಗೊಬ್ಬ ನಿಂತು ಹೆಂಚು ಎಸೆಯುತ್ತಾನೆ, ಮೇಲೊಬ್ಬ ಹಿಡಿದು ‘ಹೂಂ’ ಎನ್ನುತ್ತಾನೆ. ಹೂಂ ಕೇಳಿದ ಮೇಲೆಯೇ ಮುಂದಿನ ಹೆಂಚು. ಟಿಎಫ್‌ಟಿಪಿಯಲ್ಲೂ ಸರ್ವರ್ 512 ಬೈಟುಗಳ ಒಂದು ತುಂಡು ಕಳಿಸುತ್ತದೆ, ಆಚೆಯ ಯಂತ್ರ ಆ ತುಂಡಿನ ಸಂಖ್ಯೆ ಹೇಳಿ ‘ಬಂತು’ ಎನ್ನುತ್ತದೆ, ಆಮೇಲೆ ಮುಂದಿನದು. 512ಕ್ಕಿಂತ ಕಡಿಮೆಯ ತುಂಡು ಬಂದರೆ ಕಡತ ಮುಗಿಯಿತೆಂದು ಅರ್ಥ. ಹೂಂ ಕೇಳಿಸದಿದ್ದರೆ ಅದೇ ತುಂಡನ್ನು ಮತ್ತೆ ಕಳಿಸುವುದು.

ಈ ಸರಳತೆಯಲ್ಲೂ ಒಂದು ಹುಳುಕಿತ್ತು. ಮೇಲಿನವನ ಹೂಂ ಕಳೆದುಹೋಗದೆ ಸ್ವಲ್ಪ ತಡವಾಗಿ ಬಂತು ಎನ್ನಿ. ಅಷ್ಟರಲ್ಲಿ ಕೆಳಗಿನವನು ಅದೇ ತುಂಡನ್ನು ಮತ್ತೆ ಕಳಿಸಿರುತ್ತಾನೆ, ಅದಕ್ಕೂ ಒಂದು ಹೂಂ ಬರುತ್ತದೆ. ಎರಡು ಹೂಂ ಬಂತೆಂದು ಅವನು ಮುಂದಿನ ತುಂಡನ್ನು ಎರಡು ಸಲ ಕಳಿಸುತ್ತಾನೆ. ಅದಕ್ಕೆ ಮತ್ತೆ ಎರಡು ಹೂಂ. ಹೀಗೆ ಕಡತ ಮುಗಿಯುವವರೆಗೂ ಪ್ರತಿಯೊಂದೂ ಎರಡೆರಡು ಸಲ. ಪೊರಕೆಗೆ ಮಂತ್ರ ಹಾಕಿ ನೀರು ಹೊರಿಸಿ, ಅದನ್ನು ನಿಲ್ಲಿಸಲು ಬಾರದೆ ಒದ್ದಾಡಿದ ಮಾಂತ್ರಿಕನ ಶಿಷ್ಯನ ಕತೆಯೊಂದು ಯುರೋಪಿನಲ್ಲಿದೆ. ಎಂಜಿನಿಯರರು ಈ ದೋಷಕ್ಕೆ ಆ ಶಿಷ್ಯನ ಹೆಸರನ್ನೇ ಇಟ್ಟರು. ಎರಡನೇ ಹೂಂ ಕೇಳಿದರೆ ಸುಮ್ಮನಿರಬೇಕು ಎಂಬ ತಿದ್ದುಪಡಿ 1989ರಲ್ಲಿ ಕಡ್ಡಾಯವಾಯಿತು.

ಕಡತ ಕೇಳಬೇಕಾದರೆ ಮೊದಲು ಯಂತ್ರಕ್ಕೆ ತನ್ನ ವಿಳಾಸ ಗೊತ್ತಿರಬೇಕು. ಡಿಸ್ಕೇ ಇಲ್ಲದ ಯಂತ್ರ ವಿಳಾಸವನ್ನು ಎಲ್ಲಿ ಬರೆದಿಟ್ಟುಕೊಂಡೀತು? ಅದರ ಬಳಿ ಇರುವುದು ನೆಟ್‌ವರ್ಕ್ ಕಾರ್ಡಿನ ಮೇಲೆ ಕಾರ್ಖಾನೆಯಲ್ಲೇ ಅಚ್ಚಾದ ಮ್ಯಾಕ್ ಸಂಖ್ಯೆ ಮಾತ್ರ, ಹುಟ್ಟು ಮಚ್ಚೆ ಇದ್ದಂತೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಾಲ್ವರು 1984ರಲ್ಲಿ ರಾರ್ಪ್ ಎಂಬ ವಿಧಾನ ಮಾಡಿದರು. ‘ನನ್ನ ಮಚ್ಚೆ ಇದು, ನಾನು ಯಾರು?’ ಎಂದು ಯಂತ್ರ ತಂತಿಯ ಮೇಲೆ ಕೂಗುತ್ತದೆ, ಗೊತ್ತಿದ್ದವರು ವಿಳಾಸ ಹೇಳುತ್ತಾರೆ. ಆದರೆ ಅದು ವಿಳಾಸ ಬಿಟ್ಟು ಬೇರೇನನ್ನೂ ಹೇಳುತ್ತಿರಲಿಲ್ಲ. ಮರುವರ್ಷ, 1985ರ ಸೆಪ್ಟೆಂಬರಿನಲ್ಲಿ, ಸ್ಟ್ಯಾನ್‌ಫರ್ಡಿನ ಬಿಲ್ ಕ್ರಾಫ್ಟ್ ಮತ್ತು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಜಾನ್ ಗಿಲ್ಮೋರ್ ಸೇರಿ ಬೂಟ್‌ಪಿ ಎಂಬುದನ್ನು ತಂದರು. ಅದು ವಿಳಾಸದ ಜೊತೆಗೆ ‘ಇಂಥ ಸರ್ವರ್ ಬಳಿ ಹೋಗಿ ಇಂಥ ಹೆಸರಿನ ಕಡತ ಕೇಳು’ ಎಂದೂ ಹೇಳುತ್ತಿತ್ತು. ಸನ್ ಕಂಪನಿ ಆ ದಶಕದಲ್ಲಿ ಡಿಸ್ಕ್ ಇಲ್ಲದ ಯಂತ್ರಗಳನ್ನು ಮಾರುತ್ತಿತ್ತು, ಹಾಗಾಗಿ ಅವರಿಗೆ ಇದರ ಅಗತ್ಯವೂ ಇತ್ತು.

ಇಲ್ಲಿ ಒಂದು ಸಂಗತಿ ಗಮನಿಸಬೇಕು, ಮುಂದೆ ನನಗೆ ಕೆಲಸಕ್ಕೆ ಬಂದದ್ದು ಇದೇ. ಬೂಟ್‌ಪಿಯ ಉತ್ತರಗಳೆಲ್ಲ ಒಂದು ಪಟ್ಟಿಯಿಂದ ಬರುತ್ತಿದ್ದವು. ಯಾವ ಮಚ್ಚೆಗೆ ಯಾವ ವಿಳಾಸ, ಯಾವ ಕಡತ ಎಂದು ಒಬ್ಬ ಮನುಷ್ಯ ಕೂತು ಕೈಯಲ್ಲಿ ಬರೆಯಬೇಕಿತ್ತು. ಹೊಸ ಯಂತ್ರ ಬಂದರೆ ಹೊಸ ಸಾಲು. 1993ರಲ್ಲಿ ರಾಲ್ಫ್ ಡ್ರಾಮ್ಸ್ ದಾಖಲಿಸಿದ ಡಿಎಚ್‌ಸಿಪಿ ಈ ಕಷ್ಟದ ಅರ್ಧವನ್ನು ಕಳೆಯಿತು. ಕೇಳಿದವರಿಗೆ ಖಾಲಿ ಇರುವ ವಿಳಾಸವೊಂದನ್ನು ಇಷ್ಟು ಹೊತ್ತಿಗೆ ಎಂದು ಗುತ್ತಿಗೆ ಕೊಡುವುದು, ಅವಧಿ ಮುಗಿದರೆ ಹಿಂಪಡೆಯುವುದು. ಇಂದು ನಿಮ್ಮ ಮೊಬೈಲು ವೈಫೈಗೆ ಸೇರಿದಾಗ ನಡೆಯುವುದೂ ಇದೇ. ವಿಳಾಸಗಳು ಹೀಗೆ ಆ ಕ್ಷಣಕ್ಕೆ ಹುಟ್ಟತೊಡಗಿದವು. ಕಡತಗಳು ಮಾತ್ರ ಮೊದಲಿನಂತೆ ಯಾರೋ ಬರೆದಿಟ್ಟದ್ದೇ ಆಗಿ ಉಳಿದವು.

ಇಷ್ಟು ದಿನ ಇದೆಲ್ಲ ವಿಶ್ವವಿದ್ಯಾಲಯ, ದೊಡ್ಡ ಕಂಪನಿಗಳ ಮಾತಾಗಿತ್ತು. ಸಾಮಾನ್ಯ ಪಿಸಿಗಳಿಗೆ ಅದನ್ನು ತಂದದ್ದು ಇಂಟೆಲ್. 1999ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಅದರ ಪಿಎಕ್ಸ್‌ಇ 2.1 ನಿಯಮಾವಳಿ ಹಳೆಯ ಡಿಎಚ್‌ಸಿಪಿಯನ್ನೂ ಹಳೆಯ ಟಿಎಫ್‌ಟಿಪಿಯನ್ನೂ ಸೇರಿಸಿ ನೆಟ್‌ವರ್ಕ್ ಕಾರ್ಡಿನ ಚಿಪ್ಪಿನಲ್ಲಿ ಕೂರಿಸುವ ಕ್ರಮವನ್ನು ಹೇಳಿತು. ಡಿಸ್ಕ್ ಕೆಟ್ಟರೆ ಪಿಸಿ ಸುಮ್ಮನೆ ಸಾಯುವುದಿಲ್ಲ, ತಂತಿಯ ಕಡೆ ತಿರುಗಿ ‘ಯಾರಾದರೂ ಇದ್ದೀರಾ?’ ಎಂದು ಕೇಳುತ್ತದೆ. ತಂತಿಯೇ ಚುಚ್ಚಿರದಿದ್ದರೆ? ಆಗ ಬರುವ ಸಾಲೇ ಪಿಎಕ್ಸ್‌ಇ-ಇ61. ನಮ್ಮ ಮೇಷ್ಟ್ರು ಅಲುಗಾಡಿಸದೆ ಬಿಟ್ಟ ಕೇಬಲ್ಲು ನೆಟ್‌ವರ್ಕಿನದು. ಅವರು ಬಿಟ್ಟದ್ದಲ್ಲ, ಆ ಕೊಠಡಿಯಲ್ಲಿ ಅಂಥದೊಂದು ಕೇಬಲ್ಲೇ ಇರಲಿಲ್ಲ.

ಅದೇ 1999ರಲ್ಲಿ ಜಿಮ್ ಮೆಕ್‌ಕ್ವಿಲನ್ ಎಂಬ ಅಮೆರಿಕದ ತಂತ್ರಜ್ಞ ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್, ಅಂದರೆ ಎಲ್‌ಟಿಎಸ್‌ಪಿ, ಶುರು ಮಾಡಿದರು. ಒಂದು ಒಳ್ಳೆಯ ಸರ್ವರ್, ಸುತ್ತ ಡಿಸ್ಕ್ ಇಲ್ಲದ ಹಳೆಯ ಪಿಸಿಗಳು. ಇದಕ್ಕೆ ಮೊದಲು ಕೈಚಾಚಿದವರಲ್ಲಿ ಶಾಲೆಗಳೂ ಇದ್ದವು. ಆರೆಗಾನ್ ರಾಜ್ಯದ ಶಾಲೆಗಳಿಗೆಂದೇ ಕೆ-12 ಎಲ್‌ಟಿಎಸ್‌ಪಿ ಎಂಬ ರೂಪ ತಯಾರಾಯಿತು. ನಾನು ಚಪ್ಪಲಿ ಬಿಟ್ಟು ಆ ಕೊಠಡಿಗೆ ಹೋಗುವ ಹೊತ್ತಿಗೆ ಇದೆಲ್ಲ ಉಚಿತವಾಗಿ ಸಿಗುತ್ತಿತ್ತು. ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ, ಅಷ್ಟೆ.

ಎರಡು ವರ್ಷದ ಹಿಂದೆ ಊರಿನ ಜಾತ್ರೆಗೆ ಬಂದಾಗ ಮುಖ್ಯೋಪಾಧ್ಯಾಯರು ಕರೆದು ಕಂಪ್ಯೂಟರ್ ಕೊಠಡಿಯ ಬೀಗ ತೆಗೆಸಿದರು. ನಾನು ಓದುವಾಗ ಇದ್ದ ಯಂತ್ರಗಳು ಎಂದೋ ಹೋಗಿದ್ದವು. ಆಮೇಲೆ ಬಂದ ಹನ್ನೆರಡರಲ್ಲಿ ಮೂರು ಮಾತ್ರ ಏಳುತ್ತಿದ್ದವು. ಒಂಬತ್ತರ ಹಾರ್ಡ್ ಡಿಸ್ಕು ಕೆಟ್ಟಿತ್ತು, ಉಳಿದದ್ದೆಲ್ಲ ಚೆನ್ನಾಗಿತ್ತು. ‘ಎಂಟನೇ ತರಗತಿಗೆ ಇನ್ನೊಂದು ವಿಭಾಗ ಆಗಿದೆ, ಕೊಠಡಿ ಸಾಲದು. ಜೂನ್‌ಗೆ ಇವು ಏಳದಿದ್ದರೆ ಗುಜರಿ ಪಟ್ಟಿಗೆ ಸೇರಿಸಬೇಕಪ್ಪಾ. ನಮಗೂ ಬೇಜಾರೇ’ ಎಂದರು. ಒಂಬತ್ತು ಹೊಸ ಡಿಸ್ಕ್ ಕೊಳ್ಳಬಹುದಿತ್ತು. ಆದರೆ ಆ ಕೊಠಡಿಯ ಕರೆಂಟಿನ ಏರಿಳಿತಕ್ಕೆ ಅವೂ ಎಷ್ಟು ದಿನ? ನನ್ನ ಕೆಲಸವೇ ನೂರಾರು ಸರ್ವರುಗಳಿಗೆ ತಂತಿಯ ಮೂಲಕ ತಂತ್ರಾಂಶ ಹಾಕುವುದು. ಹಾಗಾಗಿ ಮಾತು ಕೊಟ್ಟೆ.

ಬಹಳ ಆತ್ಮವಿಶ್ವಾಸದಿಂದ ಮೊದಲ ಶನಿವಾರ ಬಂದವನು ಮಾಡಿದ ತಪ್ಪನ್ನು ಹೇಳಲೇಬೇಕು. ಏಳುವ ಮೂರರಲ್ಲಿ ಒಂದನ್ನು ಸರ್ವರ್ ಮಾಡಿ, ಅದರ ತಂತಿಯನ್ನು ಆಫೀಸಿನ ಸ್ವಿಚ್ಚಿಗೇ ಚುಚ್ಚಿದೆ. ಒಂದು ಜಾಲದಲ್ಲಿ ವಿಳಾಸ ಹಂಚುವವರು ಇಬ್ಬರಿರಬಾರದು. ಆಫೀಸಿನ ರೂಟರ್ ಆಗಲೇ ಹಂಚುತ್ತಿತ್ತು, ನನ್ನ ಸರ್ವರೂ ಹಂಚತೊಡಗಿತು. ಅತ್ತ ಗುಮಾಸ್ತರು ಸ್ಯಾಟ್ಸ್‌ನಲ್ಲಿ ಮಕ್ಕಳ ವಿವರ ತುಂಬಿಸುತ್ತಿದ್ದರು. ಅವರ ಕಂಪ್ಯೂಟರ್ ನನ್ನ ಸರ್ವರಿನಿಂದ ವಿಳಾಸ ತೆಗೆದುಕೊಂಡು ಇಂಟರ್ನೆಟ್ಟಿನ ದಾರಿಯನ್ನೇ ಕಳೆದುಕೊಂಡಿತು. ಕಾರಣ ನಾನೆಂದು ನನಗೆ ಗೊತ್ತಾಗುವಷ್ಟರಲ್ಲಿ ಅವರು ಒಂದು ಗಂಟೆ ಒದ್ದಾಡಿದ್ದರು. ಅವರು ಬೈಯಲಿಲ್ಲ, ಟೀ ತರಿಸಿಕೊಟ್ಟರು. ಬೈದಿದ್ದರೆ ಒಳ್ಳೆಯದಿತ್ತು. ಆ ಸಂಜೆಯೇ ಪೇಟೆಯಿಂದ ಬೇರೆ ಸ್ವಿಚ್ಚು ತಂದು ಕಂಪ್ಯೂಟರ್ ಕೊಠಡಿಯ ಜಾಲವನ್ನು ಪೂರ್ತಿ ಪ್ರತ್ಯೇಕಿಸಿದೆ. ಪಾಸ್‌ವರ್ಡ್ ಇಲ್ಲದ ಟಿಎಫ್‌ಟಿಪಿಗೆ ಗೋಡೆಯೊಳಗೆ ಇರುವುದೇ ಕ್ಷೇಮ.

ಯಂತ್ರಗಳು ಏಳತೊಡಗಿದವು, ಆದರೆ ಎಲ್ಲವೂ ಒಂದೇ ಥರ ಅಲ್ಲ. ಮೂರು ಬಗೆಯ ಯಂತ್ರಗಳಿದ್ದವು. ಎರಡಕ್ಕೆ ವಿಶೇಷ ಸೂಚನೆ ಕೊಡದಿದ್ದರೆ ಪರದೆ ಕಪ್ಪಾಗಿಯೇ ಉಳಿಯುತ್ತಿತ್ತು, ಮೂರಕ್ಕೆ ಮೆಮೊರಿ ಕಡಿಮೆ. ಪಿಎಕ್ಸ್‌ಲಿನಕ್ಸ್ ಎಂಬ ಬೂಟ್ ಪ್ರೋಗ್ರಾಂ ಇಂಥ ಸೂಚನೆಗಳ ಕಡತವನ್ನು ಕೇಳುವ ಕ್ರಮ ನೋಡಲು ಸೊಗಸಾಗಿದೆ. ತನ್ನ ಮ್ಯಾಕ್ ಸಂಖ್ಯೆಯ ಹೆಸರಿನ ಕಡತ ಕೇಳುತ್ತದೆ. ಇಲ್ಲವೆಂದರೆ ತನ್ನ ವಿಳಾಸವನ್ನು ಹದಿನಾರರ ಅಂಕೆಗಳಲ್ಲಿ ಬರೆದು ಕೇಳುತ್ತದೆ. 192.168.10.21 ಎಂಬುದು ‘ಸಿ0ಎ80ಎ15’ ಆಗುತ್ತದೆ. ಅದೂ ಇಲ್ಲವೆಂದರೆ ಕೊನೆಯ ಅಂಕೆ ಬಿಟ್ಟು ‘ಸಿ0ಎ80ಎ1’, ಮತ್ತೊಂದು ಬಿಟ್ಟು ‘ಸಿ0ಎ80ಎ’, ಹೀಗೆ ‘ಸಿ’ ಒಂದೇ ಉಳಿಯುವ ತನಕ ಕೇಳಿ, ಕೊನೆಗೆ ‘ಡಿಫಾಲ್ಟ್’ ಎಂಬ ಎಲ್ಲರ ಕಡತಕ್ಕೆ ಬರುತ್ತದೆ. ಪೂರ್ತಿ ವಿಳಾಸ ಗೊತ್ತಿಲ್ಲದೆ ಊರಿಗೆ ಬಂದವರು ಮನೆ, ಬೀದಿ, ಕೇರಿ ಎಂದು ಕೇಳುತ್ತಾ ಕೊನೆಗೆ ದೇವಸ್ಥಾನದ ಕಟ್ಟೆಗೆ ಬಂದು ಕೂತ ಹಾಗೆ.

ನಾನು ಒಂದೊಂದು ಯಂತ್ರಕ್ಕೆ ಒಂದೊಂದು ಕಡತ ಕೈಯಲ್ಲಿ ಬರೆದಿಟ್ಟೆ. ಒಂದರ ಸ್ಟಿಕ್ಕರಿನಲ್ಲಿ ‘ಬಿ’ ಅಕ್ಷರವನ್ನು 8 ಎಂದು ಓದಿದ್ದೆ. ಆ ಯಂತ್ರ ತನ್ನ ಕಡತ ಸಿಗದೆ, ತಪ್ಪೇನೆಂದೂ ಹೇಳದೆ, ಇಳಿಯುತ್ತಾ ಇಳಿಯುತ್ತಾ ಡಿಫಾಲ್ಟಿಗೆ ಹೋಗಿ ಕಪ್ಪು ಪರದೆ ತೋರಿಸುತ್ತಿತ್ತು. ಒಂದಿಡೀ ಭಾನುವಾರ ಅದರ ಮುಂದೆ ಕಳೆಯಿತು. ತಪ್ಪು ತಿದ್ದುವುದು ದೊಡ್ಡದಲ್ಲ. ನಾನು ಬೆಂಗಳೂರಿಗೆ ಹೋದ ಮೇಲೆ ಯಾರೋ ಯಂತ್ರ ಅದಲುಬದಲು ಮಾಡಿದರೆ, ದಾನಿಗಳು ಹೊಸದೊಂದು ಕೊಟ್ಟರೆ, ಈ ಕಡತಗಳನ್ನು ಯಾರು ಬರೆಯಬೇಕು? ಬೂಟ್‌ಪಿ ಕಾಲದ ಕೈಬರಹದ ಪಟ್ಟಿಯ ತೊಂದರೆಗೇ ನಾನು ಬಂದು ನಿಂತಿದ್ದೆ.

ಕಡತ ಡಿಸ್ಕಿನಲ್ಲಿ ಮೊದಲೇ ಇರಬೇಕೆಂದು ಟಿಎಫ್‌ಟಿಪಿ ಎಲ್ಲೂ ಹೇಳುವುದಿಲ್ಲ. ಹೆಸರು ಕೇಳಿದವನಿಗೆ ತುಂಡುಗಳು ಸಿಕ್ಕರೆ ಸಾಕು. ಆ ತುಂಡುಗಳನ್ನು ಸರ್ವರ್ ಅದೇ ಕ್ಷಣ ತಯಾರಿಸಿದರೂ ಕೇಳಿದವನಿಗೆ ತಿಳಿಯುವುದಿಲ್ಲ. ದೊಡ್ಡ ಡೇಟಾ ಸೆಂಟರುಗಳವರು ಈ ದಾರಿ ಹಿಡಿದಿದ್ದರು. ಫೇಸ್‌ಬುಕ್ಕಿನ ಎಂಜಿನಿಯರರು ಪೈಥಾನ್ 3ರಲ್ಲಿ ಬರೆದ ಎಫ್‌ಬಿಟಿಎಫ್‌ಟಿಪಿ ಎಂಬ ಚೌಕಟ್ಟನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿದ್ದಾರೆ. ತುಂಡು ಕಳಿಸುವುದು, ಹೂಂಗೆ ಕಾಯುವುದು ಇತ್ಯಾದಿಯನ್ನು ಅದೇ ನೋಡಿಕೊಳ್ಳುತ್ತದೆ. ಕೇಳಿದ ಹೆಸರಿಗೆ ಏನು ಉತ್ತರ ಎಂಬುದನ್ನು ಮಾತ್ರ ನಾವು ಬರೆಯಬೇಕು. ನಾನು ಬರೆದದ್ದು ನೂರು ಸಾಲಿಗೂ ಕಡಿಮೆ. ಕೇಳಿದ ಹೆಸರಿನಿಂದ ಮ್ಯಾಕ್ ಸಂಖ್ಯೆಯನ್ನು ಬಿಡಿಸಿಕೊಳ್ಳುತ್ತದೆ, ಒಂದು ಸ್ಪ್ರೆಡ್‌ಶೀಟಿನಲ್ಲಿ ಆ ಯಂತ್ರ ಯಾವ ಬಗೆಯದೆಂದು ನೋಡುತ್ತದೆ, ತಕ್ಕ ಸೂಚನೆಗಳನ್ನು ಜೋಡಿಸಿ ಕಳಿಸುತ್ತದೆ. ಗುರುತಿಲ್ಲದ ಯಂತ್ರ ಬಂದರೆ ಎಲ್ಲ ಪರದೆಗೂ ಹೊಂದುವ ಸೂಚನೆ ಕೊಟ್ಟು, ಅದರ ಸಂಖ್ಯೆಯನ್ನು ಶೀಟಿನ ಕೊನೆಗೆ ತಾನೇ ಸೇರಿಸುತ್ತದೆ. ಸ್ಟಿಕ್ಕರ್ ಓದುವ ಕೆಲಸವೇ ತಪ್ಪಿತು. ವಿಜ್ಞಾನದ ಮೇಡಂ ಆ ಶೀಟಿನಲ್ಲಿ ‘ಬಗೆ 2’ ಎಂದು ಬರೆದರೆ ಮುಗಿಯಿತು. ಯಾವ ಯಂತ್ರ ಎಷ್ಟು ಗಂಟೆಗೆ ಎದ್ದಿತೆಂಬುದೂ ದಾಖಲಾಗುತ್ತದೆ. ಮೇಡಂ ಅದಕ್ಕೆ ಹಾಜರಿ ಪುಸ್ತಕ ಎನ್ನುತ್ತಾರೆ.

ಕೊನೆಯ ತೊಡಕು ವೇಗದ್ದು. ಮೂವತ್ತು ಎಂಬಿಯ ಕಡತವೊಂದು 512 ಬೈಟಿನ ತುಂಡುಗಳಲ್ಲಿ ಹೋಗಬೇಕಾದರೆ ಅರವತ್ತು ಸಾವಿರದಷ್ಟು ಹೂಂ ಬೇಕು. ಜೊತೆಗೆ ತುಂಡಿನ ಸಂಖ್ಯೆಗೆ ಎರಡೇ ಬೈಟು ಇರುವುದರಿಂದ ಮೂಲ ವಿಧಾನದಲ್ಲಿ 32 ಎಂಬಿ ದಾಟಲು ಆಗದು. ದೊಡ್ಡ ತುಂಡು ಕೇಳುವ ಅವಕಾಶವನ್ನು 1995ರಲ್ಲಿ ಸೇರಿಸಿದ್ದಾರೆ, ಅದರಿಂದ ಸ್ವಲ್ಪ ಚುರುಕಾಯಿತು. ಉಳಿದ ದೊಡ್ಡ ಕಡತಗಳನ್ನು ಐಪಿಎಕ್ಸ್‌ಇ ಎಂಬ ಮುಕ್ತ ತಂತ್ರಾಂಶದ ಮೂಲಕ ವೆಬ್ ಪುಟಗಳು ಬರುವ ದಾರಿಯಲ್ಲೇ ಕಳಿಸಿದೆ. ಮೊದಲ ಹೆಜ್ಜೆ ಮಾತ್ರ ಇಂದಿಗೂ 1981ರ ಆ ಕ್ಷುಲ್ಲಕ ವಿಧಾನದ್ದೇ.

ಜೂನ್ ಮೊದಲ ವಾರ ಒಂಬತ್ತರಲ್ಲಿ ಏಳು ಎದ್ದವು. ನಿವೃತ್ತರಾಗಿರುವ ನಮ್ಮ ಗಣಿತದ ಮೇಷ್ಟ್ರು ಕೋಲು ಹಿಡಿದು ನೋಡಲು ಬಂದರು. ನಾನು ಬೇಕೆಂದೇ ಒಂದರ ನೆಟ್‌ವರ್ಕ್ ಕೇಬಲ್ ಕಿತ್ತು ಆನ್ ಮಾಡಿದೆ. ಅದೇ ಸಾಲು ಬಂತು. ಕನ್ನಡಕ ಸರಿಮಾಡಿಕೊಂಡು ಓದಿ, ‘ಇದೇ ಅಲ್ಲವೇನೋ ಅವತ್ತು ಬಂದಿದ್ದು?’ ಎಂದರು. ‘ಹೌದು ಸರ್’ ಎಂದೆ. ಕೇಬಲ್ಲನ್ನು ಅವರ ಕೈಗೆ ಕೊಟ್ಟೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎಲ್ಲಿ ಚುಚ್ಚಬೇಕೆಂದು ಅವರಿಗೆ ತೋರಿಸಿದಳು.

ಉಳಿದ ಎರಡರ ಕಾರ್ಡಿನಲ್ಲಿ ಪಿಎಕ್ಸ್‌ಇ ಇಲ್ಲ. ಅವಕ್ಕೆ ಐಪಿಎಕ್ಸ್‌ಇ ತುಂಬಿದ ಪೆನ್‌ಡ್ರೈವ್ ಹಾಕಿ ಎಬ್ಬಿಸುತ್ತಿದ್ದಾರೆ, ಪೆನ್‌ಡ್ರೈವ್ ಆಗಾಗ ಕಾಣೆಯಾಗುತ್ತದೆ. ಸರ್ವರ್ ಒಂದೇ ಇರುವುದರಿಂದ ಅದು ಮಲಗಿದರೆ ಎಲ್ಲವೂ ಮಲಗುತ್ತವೆ. ಮೊದಲು ಸರ್ವರ್ ಆನ್ ಮಾಡಿ, ಎರಡು ನಿಮಿಷ ಬಿಟ್ಟು ಉಳಿದವನ್ನು ಆನ್ ಮಾಡಬೇಕೆಂದು ಮಕ್ಕಳೇ ಬರೆದ ಚೀಟಿ ಬಾಗಿಲಿನ ಹಿಂದೆ ಅಂಟಿಸಿದೆ. ಯುಪಿಎಸ್ ಬ್ಯಾಟರಿ ಹಳೆಯದಾಗಿದೆ, ಈ ವರ್ಷ ಅದನ್ನು ಬದಲಿಸಬೇಕು.